ನಾಲ್ಕನೇ ಪ್ಯಾರಾದ ಆಷಾಢ

ಆ ಅರ್ಜಿಯ ನಾಲ್ಕನೇ ಪ್ಯಾರಾ ನನಗೆ ಇವತ್ತಿಗೂ ಬಾಯಿಪಾಠ. "ಮದುವೆಯಾದ ಮೊದಲ ವರ್ಷದ ಆಷಾಢ ಮಾಸದಲ್ಲಿ ಅರ್ಜಿದಾರಳು ಸಂಪ್ರದಾಯದಂತೆ ತವರುಮನೆಯಲ್ಲಿದ್ದು, ಆ ಇಡೀ ತಿಂಗಳು ಗಂಡನ ಮುಖವನ್ನೂ ನೋಡಿರುವುದಿಲ್ಲ." ಬರೆದಾಗ ಚಂದ ಬಂದಿದೆ ಅನಿಸಿತ್ತು. ಹುಡುಗಿ ಎಂಥ ರೀತಿ ರಿವಾಜಿನ ಮನೆಯವಳು, ಅತ್ತೆಯ ಮಾತಿಗೆ ಎಷ್ಟು ಬೆಲೆ ಕೊಟ್ಟವಳು ಎಂದು ನ್ಯಾಯಾಧೀಶರಿಗೆ ತಿಳಿಯಲಿ ಅಂತ ಸೇರಿಸಿದ ಸಾಲು. ಅದಿಲ್ಲದೆಯೂ ಅರ್ಜಿ ನಡೆಯುತ್ತಿತ್ತು. ನನ್ನ ಕೈ ಸುಮ್ಮನಿರಲಿಲ್ಲ, ಅಷ್ಟೆ.

ಧಾರವಾಡದಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಸಣ್ಣ ವಕೀಲಿ ಕಚೇರಿ. ಅಲ್ಲಿಗೆ ಅಮ್ಮಿನಬಾವಿಯಿಂದ ತಾಯಿ, ಮಗಳು ಬಂದಿದ್ದರು. ಮಗಳ ಮಡಿಲಲ್ಲಿ ಹತ್ತು ತಿಂಗಳ ಹೆಣ್ಣುಕೂಸು. ಅಳಿಯ ಹುಬ್ಬಳ್ಳಿಯವನು, ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ. ಹೆರಿಗೆಯಾದ ಮೇಲೆ ಅವನು ಈ ಕಡೆ ತಲೆ ಹಾಕಿಲ್ಲ, ತೊಟ್ಟಿಲಿಗೆ ಅತ್ತೆಯೂ ಬರಲಿಲ್ಲ, ಕೂಸಿಗೆ ಒಂದು ಅಂಗಿ ಸಹ ಕಳಿಸಿಲ್ಲ. ಜೀವನಾಂಶ ಬೇಕು. ಇಷ್ಟನ್ನೂ ಹೇಳಿದವಳು ತಾಯಿ. ನಾನು ಮಗಳನ್ನು ಕೇಳಿದ ಪ್ರಶ್ನೆಗೂ ಉತ್ತರ ತಾಯಿಯಿಂದಲೇ ಬರುತ್ತಿತ್ತು.

"ನಮ್ಮ ಹುಡಿಗಿ ಅಂಥಾಕಿ ಅಲ್ರಿ ಬಾಯಾರ. ಆಷಾಢಕ್ಕ ನಮ್ಮ ಮನಿಗೆ ಕರಕೊಂಡು ಬಂದ್ವಿ. ಪೂರಾ ತಿಂಗಳು ಗಂಡನ ಮಾರಿ ನೋಡಿಲ್ಲ. ಕೇಳ್ರಿ ಬೇಕಾರ," ಎಂದಳು ತಾಯಿ.

"ಹೌದೇನವಾ?" ಎಂದೆ. ಮಗಳು ಕೂಸಿನ ಕಾಲ್ಗೆಜ್ಜೆ ಸರಿಮಾಡುತ್ತ "ಹೂಂ ರಿ" ಎಂದಳು.

ನಾನು ಮಿಷನ್ ಕಾಂಪೌಂಡಿನಲ್ಲಿ ಬೆಳೆದವಳು. ನಮ್ಮ ಮನೆಯಲ್ಲಿ ಆಷಾಢ ಎಂದರೆ ಗಾಳಿ ಜೋರಾಗಿ ಬೀಸುವ ತಿಂಗಳು, ಬಟ್ಟೆಗೆ ಎರಡೆರಡು ಕ್ಲಿಪ್ಪು ಹಾಕಬೇಕು, ಇಷ್ಟೇ ಗೊತ್ತು. ಹೊಸ ಸೊಸೆ ಆ ತಿಂಗಳು ಅತ್ತೆಯ ಜೊತೆ ಒಂದೇ ಹೊಸ್ತಿಲು ದಾಟಬಾರದು, ಗಂಡ ಹೆಂಡತಿ ಕೂಡಬಾರದು ಎನ್ನುವುದು ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ. ಆಷಾಢದಲ್ಲಿ ಬಸಿರಾದರೆ ಚೈತ್ರದ ಸುಡುಬಿಸಿಲಿನಲ್ಲಿ ಹೆರಿಗೆ, ಅದಕ್ಕೇ ಈ ಕಟ್ಟು ಎನ್ನುವ ಲೆಕ್ಕವನ್ನು ನಾನು ಯಾವತ್ತೂ ಹಾಕಿ ನೋಡಿದವಳಲ್ಲ. ಕೂಸು ಹುಟ್ಟಿದ್ದು ಯುಗಾದಿಯಾಗಿ ವಾರದೊಳಗೆ. ಅದನ್ನು ಐದನೇ ಪ್ಯಾರಾದಲ್ಲಿ ಬರೆದೆ. ಜನ್ಮದಾಖಲೆಯ ಜೊತೆಗೆ ಇರಲಿ ಎಂದು ಬಸುರಿಯರಿಗೆ ಆಸ್ಪತ್ರೆಯಲ್ಲಿ ಕೊಡುವ ತಾಯಿ ಕಾರ್ಡಿನ ಝೆರಾಕ್ಸೂ ಲಗತ್ತಿಸಿದೆ. ಕೊನೆಯ ಮುಟ್ಟಿನ ತಾರೀಖು, ದಿನ ತುಂಬುವ ತಾರೀಖು, ಹುಟ್ಟಿದಾಗಿನ ತೂಕ, ಎಲ್ಲ ಅದರಲ್ಲಿ ಇರುತ್ತದೆ.

ವಿಚಾರಣೆಯ ಎರಡನೇ ತಾರೀಖಿಗೆ ಗಂಡನ ಕಡೆಯಿಂದ ತಕರಾರು ಬಂತು. ಎರಡೇ ಹಾಳೆ. "ಈ ಮಗು ನನ್ನದಲ್ಲ. ಅರ್ಜಿದಾರಳೇ ನಾಲ್ಕನೇ ಪ್ಯಾರಾದಲ್ಲಿ ಒಪ್ಪಿಕೊಂಡಂತೆ ಆಷಾಢದಲ್ಲಿ ನಾವು ಭೇಟಿಯೇ ಆಗಿಲ್ಲ. ಅರ್ಜಿದಾರಳೇ ಹಾಜರುಪಡಿಸಿದ ತಾಯಿ ಕಾರ್ಡಿನಂತೆ ಬಸಿರು ನಿಂತದ್ದು ಆಷಾಢದಲ್ಲಿ. ಮಗು ದಿನ ತುಂಬಿಯೇ ಹುಟ್ಟಿದೆ."

ಕೋರ್ಟಿನ ವರಾಂಡದಲ್ಲೇ ನಿಂತು ಓದಿದೆ. ಎದುರು ವಕೀಲರು ಕನ್ನಡಕದ ಮೇಲಿಂದ ನೋಡಿ ನಕ್ಕರು. "ಮೇಡಂ, ನಮಗ ಕೆಲಸಾನ ಉಳಸ್ಲಿಲ್ಲ ನೀವು," ಎಂದರು.

ಕಾನೂನು ಇಲ್ಲಿ ಕೂಸಿನ ಪರವಾಗಿದೆ. ಮದುವೆ ಊರ್ಜಿತವಿರುವಾಗ ಹುಟ್ಟಿದ ಮಗುವಿಗೆ ಗಂಡನೇ ತಂದೆ. ತಾಯಿ ಅದನ್ನು ಸಾಬೀತು ಮಾಡಬೇಕಿಲ್ಲ. ತಂದೆಯೆಂದಾದ ಮೇಲೆ ಹೆಂಡತಿಯ ಮೇಲೆ ಎಷ್ಟೇ ಸಿಟ್ಟಿರಲಿ, ಮಗುವನ್ನು ಸಾಕುವ ಜವಾಬ್ದಾರಿಯಿಂದ ಅವನು ಜಾರಿಕೊಳ್ಳುವಂತಿಲ್ಲ. ತಪ್ಪಿಸಿಕೊಳ್ಳಲು ಇರುವುದು ಒಂದೇ ಬಾಗಿಲು: ಬಸಿರು ನಿಲ್ಲಬಹುದಾಗಿದ್ದ ಕಾಲದಲ್ಲಿ ಗಂಡ ಹೆಂಡತಿ ಕೂಡಲು ಅವಕಾಶವೇ ಇರಲಿಲ್ಲ ಎಂದು ಗಂಡ ತೋರಿಸಬೇಕು. ಬೇರೆ ಬೇರೆ ಊರಿನಲ್ಲಿದ್ದೆವು ಎಂದರೆ ಸಾಲದು. ಸಾಮಾನ್ಯವಾಗಿ ಆ ಬಾಗಿಲು ತೆಗೆಯುವುದು ಬಲು ಕಷ್ಟ. ಇಲ್ಲಿ ನಾನೇ ಚಿಲಕ ತೆಗೆದು, ಬರ್ರಿ ಎಂದು ಕರೆದಿದ್ದೆ. ಅವನು ತಂದೆಯಲ್ಲ ಎಂದಾದರೆ ಜೀವನಾಂಶ ಹೋಗುವುದಷ್ಟೇ ಅಲ್ಲ, ಕೂಸಿನ ಶಾಲೆಯ ದಾಖಲೆಯಿಂದ ಹಿಡಿದು ಮದುವೆಯ ಮಾತುಕತೆಯವರೆಗೆ ಆ ಕಾಗದ ಬೆನ್ನು ಹತ್ತಿ ಬರುತ್ತದೆ. ಆ ದಿನ ಮನೆಗೆ ಹೋಗಿ ಉಂಡಿದ್ದು ಏನೆಂದು ನೆನಪಿಲ್ಲ.

ಮರುದಿನ ಇಬ್ಬರನ್ನೂ ಕರೆಸಿದೆ. ಈ ಸಲ ತಾಯಿಯ ಕೈಗೆ ಒಂದು ಕಂತೆ ಕಾಗದ ಕೊಟ್ಟು, "ಅವ್ವಾರ, ಇದರ ಮೂರು ಮೂರು ಝೆರಾಕ್ಸ್ ಮಾಡಿಸಿಕೊಂಡು ಬರ್ರಿ, ಕೂಸನ್ನೂ ಕರಕೊಂಡು ಹೋಗ್ರಿ, ಇಲ್ಲೆ ಸೆಕಿ ಭಾಳ," ಎಂದು ಕಳಿಸಿದೆ. ಝೆರಾಕ್ಸ್ ಯಾವುದೂ ಬೇಕಿರಲಿಲ್ಲ.

ಬಾಗಿಲು ಹಾಕಿಕೊಂಡು, "ಆಷಾಢದಾಗ ಅವರನ್ನ ಭೆಟ್ಟಿ ಆಗಿದ್ದೇನು?" ಎಂದೆ.

ಹುಡುಗಿ ಸೆರಗಿನ ತುದಿ ನೋಡುತ್ತ ಹೇಳಿದಳು. "ಮೂರು ಸಲ ರಿ. ನಾ ಧಾರವಾಡಕ್ಕ ಹೊಲಿಗಿ ಕ್ಲಾಸಿಗೆ ಬರತಿದ್ದೆ. ಸವದತ್ತಿ ರೋಡಿನ್ಯಾಗ ಅವರ ದೋಸ್ತ ಒಬ್ರು ಗ್ಯಾರೇಜಿನ ಮಿಸ್ತ್ರಿ ಅದಾರ. ಗ್ಯಾರೇಜಿನ ಮ್ಯಾಲೆ ಒಂದು ರೂಮ್ ಐತ್ರಿ. ಇವರು ಶಿಫ್ಟ್ ಮುಗಿಸಿಕೊಂಡು ಗಾಡಿ ಮ್ಯಾಲೆ ಬರತಿದ್ರು. ನಮ್ಮ ಮದಿವಿ ಆಗಿ ಇನ್ನೂ ತಿಂಗಳ ಸೈತ ಆಗಿದ್ದಿಲ್ರಿ."

"ಮತ್ತ ಆವತ್ತು ಹೂಂ ಅಂತ ಯಾಕ ಅಂದಿ?"

"ಅವ್ವ ಬಾಜೂಕ ಕುಂತಿದ್ಲಲ್ರಿ! ಹ್ಯಾಂಗ ಹೇಳ್ಲಿ? ಬೀಗರ ಮುಂದ ಆಣಿ ಮಾಡ್ಯಾಳ ಆಕಿ, ನನ್ನ ಮಗಳು ಹೊಸ್ತಿಲಾ ದಾಟಿಲ್ಲ ಅಂತ. ಕೂಸು ಚೈತ್ರದಾಗ ಹುಟ್ಟಿದ ಕೂಡಲೇ, ಶ್ರಾವಣದ ಬಸರು, ಎಂಟು ತಿಂಗಳಿಗೇ ಹುಟ್ಟೇತಿ ಅಂತ ಓಣಿ ತುಂಬ ಹೇಳಿಕೊಂತ ಬಂದ್ಲು."

ಎಂಟು ತಿಂಗಳಿಗೇ ಹುಟ್ಟಿದ ಕೂಸಂತೆ, ತೂಕ ಮೂರು ಕಿಲೋದ ಮೇಲೆ. ಅದನ್ನು ಅತ್ತೆ ಎತ್ತಿಕೊಂಡು ನೋಡುವ ಗೋಜಿಗೂ ಹೋಗದೆ, ಬೆರಳ ಗೆರೆ ಎಣಿಸಿಯೇ ತೀರ್ಪು ಕೊಟ್ಟಿದ್ದಳು: ಆಷಾಢದಲ್ಲಿ ನನ್ನ ಮಗ ಹುಬ್ಬಳ್ಳಿ ಬಿಟ್ಟು ಹೋಗಿಲ್ಲ, ಇದು ನಮ್ಮ ಕೂಸಲ್ಲ. ಮಗ ಪಕ್ಕದಲ್ಲೇ ನಿಂತಿದ್ದ, ಬಾಯಿ ಬಿಡಲಿಲ್ಲವಂತೆ.

ಅಷ್ಟರಲ್ಲಿ ಗಂಡನ ಕಡೆಯಿಂದ ಇನ್ನೊಂದು ಅರ್ಜಿ ಬಂತು. ಡಿಎನ್‌ಎ ಪರೀಕ್ಷೆ ಆಗಲಿ ಎಂದು. ಈಗ ನನ್ನ ಹೆದರಿಕೆ ಬೇರೆ ದಾರಿ ಹಿಡಿಯಿತು. ಸುಳ್ಳು ಹೇಳುವವನು ತಾನಾಗಿ ಪರೀಕ್ಷೆ ಕೇಳುತ್ತಾನೆಯೇ? ಈ ಹುಡುಗಿ ಹೇಳಿದ ರೂಮು, ಮಿಸ್ತ್ರಿ, ಮೂರು ಸಲದ ಭೇಟಿ ಎಲ್ಲ ಖರೆಯೇ? ನಾಚಿಕೆ ಬಿಟ್ಟು ಬರೆಯುತ್ತೇನೆ, ಎರಡು ವಾರ ನಾನು ಆಕೆಯನ್ನು ನಂಬಲಿಲ್ಲ.

ಆಕೆ ಮಾತ್ರ, "ತಗೊಳ್ರಿ ರಕ್ತ. ನನಗೇನ್ ಅಂಜಿಕಿ ಇಲ್ಲ," ಎಂದಳು. ನಾನು ಬೇಡವೆಂದೆ. ಕೂಸಿಗೂ ಒಂದು ಮಾನ ಇದೆ, ಅಪ್ಪ ಕೇಳಿದ ಎಂದ ಮಾತ್ರಕ್ಕೆ ಅದನ್ನು ಲ್ಯಾಬಿಗೆ ಕಳಿಸುವಂತಿಲ್ಲ, ಕೋರ್ಟುಗಳು ಸುಮ್ಮಸುಮ್ಮನೆ ಒಪ್ಪುವುದಿಲ್ಲ ಎಂದು ಕಾನೂನು ಹೇಳಿದೆ. ಹೇಳಿದ್ದೆಲ್ಲ ಸರಿಯೇ. ಆಕೆ ಕೇಳಿಸಿಕೊಂಡು, ಕೂಸನ್ನು ಸೊಂಟಕ್ಕೆ ಏರಿಸಿಕೊಂಡು, ಬಾಗಿಲಲ್ಲಿ ತಿರುಗಿ ನಿಂತಳು. "ನೀವೂ ನಂಬಂಗಿಲ್ಲ, ಹೌದಲ್ರಿ ಮೇಡಂ?" ಎಂದಳು. ನನ್ನ ಬಾಯಿಂದ ತಕ್ಷಣ ನಂಬತೇನಿ ಎಂದು ಬರಬೇಕಿತ್ತು. ಬಂದದ್ದು ಮುಂದಿನ ತಾರೀಖು. ಆಕೆ ಹೊರಟುಹೋದಳು.

ನನ್ನ ಸೀನಿಯರ್ ಹತ್ತಿರ ಹೋದೆ. ವಯಸ್ಸಾದವರು, ಈಗ ಕೋರ್ಟಿಗೆ ಬರುವುದಿಲ್ಲ, ಕೆಲಸ ಕಲಿಸಿದವರು. ಅರ್ಜಿ ಓದಿ ಹಣೆ ಚಚ್ಚಿಕೊಂಡರು. "ಅವಕಾಶ ಇತ್ತು ಅಂತ ವಾದ ಮಾಡು. ಅಮ್ಮಿನಬಾವಿಂದ ಹುಬ್ಬಳ್ಳಿ ಏನು ಕಾಶಿ ಏನ? ಪ್ಯಾರಾ ಬಗ್ಗೆ ಬಾಯಿ ಬಿಡಬ್ಯಾಡ," ಎಂದರು. "ತಿದ್ದುಪಡಿ ಕೇಳಿದಿ ಅಂದ್ರ, ಕಲಿಸಿದ ಮಾತು ಅಂತಾರ. ನಿಂದೇ ತಪ್ಪು ಅಂತ ಪ್ರಮಾಣಪತ್ರ ಹಾಕಿದಿ ಅಂದ್ರ ನೀನ ಸಾಕ್ಷಿ ಆಗತಿ. ವಕಾಲತ್ತು ಬಿಡಬೇಕಾದೀತು. ಹೆಸರೂ ಕೆಡತೈತಿ."

ಮೂರು ದಿನ ಹಿಂದೆ ಮುಂದೆ ನೋಡಿದೆ. ಮುಖವನ್ನೂ ನೋಡಿಲ್ಲ ಎಂದು ಅರ್ಜಿಯಲ್ಲಿ ಬರೆದು, ಅವಕಾಶವಿತ್ತು ಎಂದು ವಾದಿಸಲು ಎದ್ದುನಿಂತರೆ ಎದುರಿನವರು ಆ ಪ್ಯಾರಾ ಓದಿ ನನ್ನನ್ನು ಕೂರಿಸುತ್ತಾರೆ. ಕೊನೆಗೆ ತಿದ್ದುಪಡಿ ಅರ್ಜಿ ಹಾಕಿದೆ. ಜೊತೆಗೆ ನನ್ನದೇ ಪ್ರಮಾಣಪತ್ರ: ಕಕ್ಷಿದಾರಳಿಂದ ಮಾಹಿತಿ ಪಡೆಯುವಾಗ ಆಕೆಯ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ, ಉತ್ತರ ಕೊಟ್ಟವಳು ತಾಯಿ, ಅನವಶ್ಯಕವಾದ ಆ ವಾಕ್ಯವನ್ನು ಸೇರಿಸಿದವಳು ನಾನು.

ನ್ಯಾಯಾಧೀಶರು ಮಹಿಳೆ, ಮಾತು ಕಡಿಮೆ. ಅದನ್ನು ಎರಡು ಸಲ ಓದಿದರು. ಎದುರು ವಕೀಲರು ಎದ್ದು, "ವಕೀಲರೇ ಕಥೆ ಬದಲು ಮಾಡಾಕತ್ತಾರ, ಇವರನ್ನ ಪಾಟೀಸವಾಲು ಮಾಡಬೇಕಾಗ್ತದ," ಎಂದರು. ನ್ಯಾಯಾಧೀಶರು, "ವಕೀಲರ ತಪ್ಪಿಗೆ ಮಗು ದಂಡ ಕೊಡಬಾರದು. ತಿದ್ದುಪಡಿ ಆಗಲಿ. ನಿಜವೋ ಸುಳ್ಳೋ ಸಾಕ್ಷ್ಯದಲ್ಲಿ ನೋಡೋಣ. ಡಿಎನ್‌ಎ ಅರ್ಜಿ ಅಲ್ಲಿಯವರೆಗೆ ಹಾಗೇ ಇರಲಿ," ಎಂದರು. ಬದುಕಿದೆ ಎನಿಸಿತು. ಅಂದರೆ ಇನ್ನೊಂದು ತಾರೀಖಿನ ತನಕ.

ಮಿಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಗ್ರೀಸು ಮೆತ್ತಿದ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಸ್ಟೂಲು ಕೊಟ್ಟರು. ಮೇಲೆ ನೋಡಿದೆ. ಕಬ್ಬಿಣದ ಮೆಟ್ಟಿಲು, ಹಸಿರು ಬಾಗಿಲಿನ ಒಂದು ರೂಮು. ಎರಡು ವಾರದ ಅನುಮಾನ ಅಲ್ಲೇ ಅರ್ಧ ಇಳಿಯಿತು.

"ಕೀಲಿ ಕೊಟ್ಟಿದ್ದು ಖರೇ ರಿ ಮೇಡಂ," ಎಂದರು. "ಗಂಡ ಹೆಂಡ್ತಿಗೆ ಕೊಟ್ಟೇನಿ, ಕಳ್ಳರಿಗೇನ್ ಕೊಟ್ಟಿಲ್ಲ. ಆದ್ರ ನಾನಾಗೇ ಬಂದು ಹೇಳಿದ್ರ ದೋಸ್ತಿ ಮುರೀತೈತಿ. ಐಟಿಐನ್ಯಾಗ ಒಂದ ಬೆಂಚಿನ್ಯಾಗ ಕುಂತಾವರು ನಾವು. ನೀವು ಸಮನ್ಸ್ ಕಳಸ್ರಿ. ಸರಕಾರದ ಕಾಗದ ಬಂತಂದ್ರ ನಾ ಏನ್ ಮಾಡಾಕ ಬರತೈತಿ?"

ಸಮನ್ಸ್ ಹೋಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಮೊದಲು ಹುಡುಗಿಯ ಸಾಕ್ಷಿ. ತಲೆ ತಗ್ಗಿಸಿಯೇ ಹೇಳಿದಳು, ಆದರೆ ಒಂದು ಮಾತೂ ಹಿಂದೆ ಮುಂದೆ ಆಗಲಿಲ್ಲ. ಆಮೇಲೆ ಮಿಸ್ತ್ರಿ. ನಾನು ಕೇಳಿದ್ದಕ್ಕೆಲ್ಲ ನೆಟ್ಟಗೆ ಹೇಳಿದರು. ಎದುರು ವಕೀಲರು, "ರೂಮಿನೊಳಗ ಏನಾತು, ನೀವು ನೋಡಿದ್ರೇನು?" ಎಂದಾಗ, "ಗಂಡ ಹೆಂಡ್ತಿ ಇದ್ದ ರೂಮಿನ್ಯಾಗ ನಾ ಯಾಕ ಹಣಿಕಿ ಹಾಕ್ಲಿ ಸಾಹೇಬ್ರ?" ಎಂದರು. ನ್ಯಾಯಾಧೀಶರ ತುಟಿಯ ಅಂಚು ಸ್ವಲ್ಪ ಸರಿಯಿತು. ನಾನು ಗೆದ್ದೆ ಎಂದುಕೊಂಡೆ.

"ಯಾವ ತಿಂಗಳದು? ಆಷಾಢ ಏನು, ಶ್ರಾವಣ ಏನು?" ಎಂಬ ಮುಂದಿನ ಪ್ರಶ್ನೆ ಬಂತು.

ಮಿಸ್ತ್ರಿ ನನ್ನ ಮುಖ ನೋಡಿದರು. "ಅದೆಲ್ಲಾ ನನಗ ತಿಳಿಯಂಗಿಲ್ರಿ. ಮಳಿ ಇತ್ತು. ಮೊಹರಂ ಹಿಂದೋ ಮುಂದೋ. ಪಕ್ಕಾ ನೆನಪಿಲ್ರಿ."

ಶ್ರಾವಣದಲ್ಲಿ ಸೊಸೆ ಹೇಗೂ ಗಂಡನ ಮನೆಗೆ ವಾಪಸು ಹೋಗಿದ್ದಳು. ಶ್ರಾವಣದ ಭೇಟಿಯಿಂದ ನಮಗೇನೂ ಉಪಯೋಗವಿಲ್ಲ. ಇಡೀ ಕೇಸು ನಿಂತದ್ದೇ ಒಂದು ತಿಂಗಳ ಮೇಲೆ, ಆ ತಿಂಗಳು ನನಗೂ ಮಿಸ್ತ್ರಿಗೂ ಒಂದೇ ಥರ ಅಪರಿಚಿತ. ಉಳಿದದ್ದು ಗಂಡನ ಪಾಟೀಸವಾಲು ಒಂದೇ. ಅವನು ಇಲ್ಲ ಎಂದರೆ ಎಲ್ಲ ಮುಗಿಯಿತು.

ಅದಕ್ಕೆ ಹತ್ತು ದಿನ ಸಮಯವಿತ್ತು. ದಿನಾ ಪ್ರಶ್ನೆ ಬರೆಯುವುದು, ಹರಿಯುವುದು. ಹುಡುಗಿಯನ್ನು ಮತ್ತೆ ಕರೆಸಿ ಆ ತಿಂಗಳಿನ ಒಂದೊಂದು ದಿನವನ್ನೂ ಕೇಳಿದೆ. ಮಾತಿನ ನಡುವೆ ಆಕೆ, "ನಾಗರ ಪಂಚಮಿಗೆ ನಾಕು ದಿನ ಇತ್ತು, ನಮ್ಮ ಮಾಂವಾರು ಹೋಗಿಬಿಟ್ರು. ಎದಿ ಹಿಡಕೊಂಡು ಕುಂತವರು ಏಳಲೇ ಇಲ್ಲ," ಎಂದಳು. "ಮಣ್ಣಿಗೆ ಹೋದಾಗ ನಮ್ಮತ್ತಿ ಬಡಕೊಂಡು ಅಳತಿದ್ರು. ಯಾರೋ ಆಷಾಢದ ಕಟ್ಟು ಮುರದಾರ, ಅದಕ್ಕ ನನ್ನ ಕುಂಕುಮ ಹೋತು ಅಂತ. ಇವರು ಗ್ವಾಡಿ ಹಿಡಕೊಂಡು ನಿಂತಿದ್ರು."

ನಾನು ಪೆನ್ನು ಕೆಳಗಿಟ್ಟೆ. ಅವನು ಯಾಕೆ ಬಾಯಿ ಬಿಡಲಿಲ್ಲ ಎನ್ನುವುದು ಆವಾಗ ತಿಳಿಯಿತು. ಕೂಸು ನನ್ನದು ಎಂದರೆ, ಅಪ್ಪನ ಸಾವೂ ನನ್ನದೇ ಎಂದು ತಾಯಿಯ ಎದುರು ಒಪ್ಪಿದ ಹಾಗೆ. ಆಕೆ ಹಾಗೆಂದೇ ನಂಬಿದ್ದಳು. ಅವನೂ ಒಳಗೊಳಗೇ ನಂಬಿದ್ದನೇನೋ. ಈ ಹುಡುಗಿ ತನ್ನ ತಾಯಿಯ ಪಕ್ಕ ಕುಳಿತು ಹೂಂ ಎಂದಂತೆ, ಅವನು ತನ್ನ ತಾಯಿಯ ಪಕ್ಕ ನಿಂತು ಸುಮ್ಮನಿದ್ದ. ಆ ಮೌನವನ್ನು ಅವನ ವಕೀಲರು ಎರಡು ಹಾಳೆ ಮಾಡಿ ಟೈಪು ಮಾಡಿಸಿದ್ದರು. ಹುಡುಗಿಯ ಕೈ ಹಿಡಿದು, "ತಪ್ಪು ತಿಳಕೋಬ್ಯಾಡವಾ, ನಾ ನಿನ್ನ ನಂಬಿದ್ದಿಲ್ಲ. ಈಗ ನಂಬತೇನಿ," ಎಂದೆ. ಆಕೆ ಕೈ ಬಿಡಿಸಿಕೊಂಡು ಕಣ್ಣು ಒರೆಸಿಕೊಂಡಳು.

ಬರೆದ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು, ಪಾಟೀಸವಾಲಿನ ದಿನ ನ್ಯಾಯಾಧೀಶರಲ್ಲಿ ಒಂದೇ ಬೇಡಿಕೆ ಇಟ್ಟೆ. ಬಾಗಿಲು ಮುಚ್ಚಿ ವಿಚಾರಣೆ ಆಗಲಿ, ಎರಡೂ ಕಡೆಯ ತಾಯಂದಿರು ಹೊರಗೆ ಕೂರಲಿ. ಎದುರು ವಕೀಲರು ಒಪ್ಪಲಿಲ್ಲ, "ಮಗನ ಮಾತು ತಾಯಿ ಕೇಳಿದ್ರ ಇವರಿಗೇನು ತ್ರಾಸು?" ಎಂದರು. "ನನ್ನ ಕಚೇರಿಯಲ್ಲಿ ಈ ತಪ್ಪು ಒಮ್ಮೆ ಆಗಿದೆ, ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿದ್ದೇನೆ," ಎಂದೆ. ನ್ಯಾಯಾಧೀಶರು ಒಂದು ಕ್ಷಣ ನನ್ನನ್ನು ನೋಡಿ, ತಲೆಯಾಡಿಸಿದರು. ಇಬ್ಬರೂ ಹೊರಗೆ ಹೋದರು. ಒಂದು ವರ್ಷದಿಂದ ಮಾತು ಬಿಟ್ಟಿದ್ದ ಬೀಗತಿಯರು ವರಾಂಡದ ಒಂದೇ ಬೆಂಚಿನ ಎರಡು ತುದಿಗೆ ಕೂತರು. ನಡುವೆ ಕೂಸು.

ಕಟಕಟೆಯಲ್ಲಿ ನಿಂತವನು ತೆಳ್ಳಗಿನ ಹುಡುಗ. ಲೋಹದ ಚೂರು ಸಿಡಿದ ಗುರುತು ಮುಂಗೈ ತುಂಬ. ನಾನು ಆಷಾಢದ ಮಾತನ್ನೇ ಎತ್ತಲಿಲ್ಲ.

"ನಿಮ್ಮ ತಂದೆಯವರು ಪಂಚಮಿಗಿಂತ ಮೊದಲ ತೀರಿಕೊಂಡ್ರು, ಹೌದಲ್ರಿ?"

"ಹೌದ್ರಿ."

"ಅದು ನಿಮ್ಮಿಂದ ಆತು ಅಂತ ನಿಮಗ ಅನಸತೈತೇನು?"

ಎದುರು ವಕೀಲರು ಅರ್ಧ ಎದ್ದರು. ನ್ಯಾಯಾಧೀಶರು ಕೈ ಎತ್ತಿ ಕೂರಿಸಿದರು. ಹುಡುಗ ಕಟಕಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಇಲ್ಲ ಎಂದುಬಿಟ್ಟರೆ ಮುಂದೆ ಕೇಳಲು ನನ್ನಲ್ಲಿ ಇನ್ನೊಂದು ಪ್ರಶ್ನೆ ಇರಲಿಲ್ಲ.

ಅವನು ಬಾಗಿಲ ಕಡೆ ನೋಡಿದ. ಮುಚ್ಚಿತ್ತು. ಆಮೇಲೆ ನ್ಯಾಯಾಧೀಶರ ಕಡೆ ತಿರುಗಿ, "ಅವ್ವಗ ಹೇಳಬ್ಯಾಡ್ರಿ," ಎಂದ.

ಅಷ್ಟು ಅಂದವನು ಒಡೆದುಬಿಟ್ಟ. ಮೂರು ಸಲ ಹೋಗಿದ್ದೆ, ಮೂರನೇ ಸಲ ಹೋಗಿ ಬಂದ ಮೇಲೆ ಅಪ್ಪ ಬಿದ್ದರು ಎಂದ. "ಕೂಸು ನಂದ ರಿ. ನನಗ ಮೊದಲಿಂದ ಗೊತ್ತೈತ್ರಿ," ಎಂದ. ಹಾಗಾದರೆ ಡಿಎನ್‌ಎ ಅರ್ಜಿಗೆ ಸಹಿ ಯಾಕೆ ಮಾಡಿದೆ ಎಂದು ನ್ಯಾಯಾಧೀಶರೇ ಕೇಳಿದರು. "ವಕೀಲರು ಸಹಿ ಮಾಡು ಅಂದ್ರು ರಿ. ಅವ್ವ ಬಾಜೂಕ ನಿಂತಿದ್ಲು." ಎದುರು ವಕೀಲರು ತಮ್ಮ ಫೈಲನ್ನು ಮೆಲ್ಲಗೆ ಮುಚ್ಚಿದರು. ನನ್ನ ಹುಡುಗಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವನನ್ನು ತಿರುಗಿ ನೋಡಲಿಲ್ಲ.

ನ್ಯಾಯಾಧೀಶರು ಉಕ್ತಲೇಖನ ಕೊಟ್ಟರು. ಮಗು ತನ್ನದೆಂದು ಪ್ರತಿವಾದಿ ಒಪ್ಪಿದ್ದಾನೆ, ಡಿಎನ್‌ಎ ಅರ್ಜಿ ವಜಾ, ಅಂತಿಮ ಆದೇಶದವರೆಗೆ ಮಧ್ಯಂತರ ಜೀವನಾಂಶ ಈ ತಿಂಗಳಿಂದಲೇ ಶುರು. ಗಂಡ ಹೆಂಡತಿ ಕೂಡಿ ಬಾಳುತ್ತಾರೋ ಇಲ್ಲವೋ, ಅದು ಬೇರೆ ಮಾತು. ಕೂಸಿಗೆ ಅಪ್ಪನಿದ್ದಾನೆ. ನನಗೆ ಎಷ್ಟೋ ದಿನಗಳ ಮೇಲೆ ಹಸಿವಾಯಿತು.

ಹೊರಗೆ ಬಂದರೆ ಹುಡುಗಿಯ ತಾಯಿ ಬೆಂಚಿನಲ್ಲಿರಲಿಲ್ಲ, ನೀರು ತರಲು ಹೋಗಿದ್ದಳು. ಕೂಸು ಅತ್ತೆಯ ಮಡಿಲಲ್ಲಿತ್ತು. ಹಿಡಿದುಕೊಂಡಿರು ಎಂದು ಕೊಟ್ಟು ಹೋದದ್ದೋ, ಕೂಸು ತಾನಾಗಿ ಏರಿದ್ದೋ ತಿಳಿಯದು. ನನ್ನನ್ನು ಕಂಡು ಅತ್ತೆ, "ಏನಂದಾನ್ರಿ ನನ್ನ ಮಗ?" ಎಂದಳು.

ಒಳಗೆ ನಡೆದದ್ದನ್ನು ಹೊರಗೆ ಹೇಳುವಂತಿಲ್ಲ. "ಕೂಸು ನಂದು ಅಂದ್ರು," ಎಂದೆ, ಅಷ್ಟೇ.

ಆಕೆ ಹೆಬ್ಬೆರಳನ್ನು ಬೆರಳ ಗೆರೆಗಳ ಮೇಲೆ ಓಡಿಸತೊಡಗಿದಳು. ತುಟಿ ಅಲುಗುತ್ತಿತ್ತು. ಚೈತ್ರದಿಂದ ಹಿಂದಕ್ಕೆ, ಫಾಲ್ಗುಣ, ಮಾಘ, ಪುಷ್ಯ. ಮಾರ್ಗಶಿರ, ಕಾರ್ತಿಕ, ಆಶ್ವೀಜ, ಭಾದ್ರಪದ. ಶ್ರಾವಣಕ್ಕೆ ಬಂದಾಗ ಹೆಬ್ಬೆರಳು ನಿಂತಿತು. ಇನ್ನೊಂದು ಗೆರೆ ಉಳಿದಿತ್ತು. ಆಕೆ ಆ ಗೆರೆಯನ್ನೇ ಬಹಳ ಹೊತ್ತು ನೋಡಿದಳು, ಕಣ್ಣು ತುಂಬಿ ಬಂದವು. ಆಮೇಲೆ ಕೈ ಮಡಚಿಬಿಟ್ಟಳು.

"ಎಂಟ ತಿಂಗಳಿಗೆ ಹುಟ್ಟೇತಿ ಅಂತ ಬೀಗತಿ ಹೇಳಿದ್ದು ಖರೇ ಇರಬೇಕ್ರಿ," ಎಂದಳು.

ಹಿಂದೆ ಬಾಗಿಲು ತೆರೆದುಕೊಂಡಿತು. ಮಗ ಹೊರಗೆ ಬಂದು, ತಾಯಿಯನ್ನು ಕಂಡು ಅಲ್ಲೇ ನಿಂತ. ಮುಂದೆ ಬರಲೂ ಇಲ್ಲ, ಹಿಂದೆ ಹೋಗಲೂ ಇಲ್ಲ. ಆಕೆ ಕೂಸನ್ನು ಎರಡೂ ಕೈಯಿಂದ ಎತ್ತಿ ಅವನ ಕಡೆ ಚಾಚಿದಳು.

"ಬಾ, ಹಿಡಕೋ. ನನ್ನ ಕೈ ಸೋತಾವು. ನಿನ್ನ ಮಗಳು ಭಾಳ ವಜ್ಜ ಅದಾಳ."